ಕ್ಯೂಆರ್ ಕೋಡ್ ಬಂತು, ಸಾಲ ಯಾಕೆ ಬರಲಿಲ್ಲ?

ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕೊತ್ತಂಬರಿ ಸೊಪ್ಪು ಮಾರುವವರ ಬುಟ್ಟಿಯ ಪಕ್ಕದಲ್ಲೂ ಈಗ ಕ್ಯೂಆರ್ ಕೋಡ್ ಕಾಣುತ್ತದೆ. ಹತ್ತು ರೂಪಾಯಿಯ ಕಟ್ಟಿಗೂ ಫೋನ್ ತೋರಿಸಿದರೆ ಸಾಕು, ದುಡ್ಡು ಬಂತು ಅಂತ ಪುಟ್ಟ ಸ್ಪೀಕರ್ ಕೂಗುತ್ತದೆ. ಯುಪಿಐ ಶುರುವಾಗಿದ್ದು 2016ರಲ್ಲಿ. ಹತ್ತು ವರ್ಷದೊಳಗೆ ಅದು ಬೀದಿಬದಿಯ ಬುಟ್ಟಿಯವರೆಗೂ ಬಂದಿದೆ.

ಆದರೆ ಆ ಸೊಪ್ಪು ತರುವುದಕ್ಕೆ ಬೆಳಿಗ್ಗೆ ಬಂಡವಾಳ ಎಲ್ಲಿಂದ ಬಂತು? ಎಷ್ಟೋ ಬೀದಿ ವ್ಯಾಪಾರಿಗಳಿಗೆ ಇವತ್ತಿಗೂ ಬಡ್ಡಿಗೆ ಕೊಡುವವರೇ ಗತಿ. ಬೆಳಿಗ್ಗೆ 900 ರೂಪಾಯಿ ಕೈಗೆ, ಸಂಜೆ 1000 ವಾಪಸ್. ಲೆಕ್ಕ ಹಾಕಿ ನೋಡಿ, ದಿನಕ್ಕೆ ಶೇ 11ಕ್ಕಿಂತ ಜಾಸ್ತಿ. ಮನೆ ಸಾಲಕ್ಕೆ ಇಡೀ ವರ್ಷಕ್ಕೆ ಬೀಳುವ ಬಡ್ಡಿದರವನ್ನು ಇದು ಒಂದೇ ದಿನದಲ್ಲಿ ದಾಟುತ್ತದೆ.

ದುಡ್ಡು ಕಳಿಸುವುದು ಸುಲಭವಾಯಿತು, ಸಾಲ ಸಿಗುವುದು ಮಾತ್ರ ಕಷ್ಟವಾಗಿಯೇ ಉಳಿಯಿತು. ನಮ್ಮಂಥ ಬೆಳೆಯುತ್ತಿರುವ ದೇಶದ ಹಣಕಾಸು ವ್ಯವಸ್ಥೆಯ ಮುಖ್ಯ ತೊಡಕು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಪಾವತಿ ಆ ಕ್ಷಣಕ್ಕೆ ಮುಗಿಯುವ ಕೆಲಸ. ಸಾಲ ಕೊಟ್ಟ ದುಡ್ಡು ಆರು ತಿಂಗಳೋ ವರ್ಷವೋ ಆದ ಮೇಲೆ ವಾಪಸ್ ಬರಬೇಕು. ಹಾಗಾಗಿ ಕೊಡುವವರಿಗೆ ಎದುರಿಗೆ ಕೂತವರ ಬಗ್ಗೆ ಏನಾದರೂ ಗೊತ್ತಿರಬೇಕು. ಸಂಬಳದ ಚೀಟಿ ಇಲ್ಲದ, ಅಡವಿಡಲು ಆಸ್ತಿಯಿಲ್ಲದ ಮನುಷ್ಯರ ಬಗ್ಗೆ ಬ್ಯಾಂಕಿಗೆ ಏನು ಗೊತ್ತಿರುತ್ತದೆ?

ಗೊತ್ತಿಲ್ಲದಿದ್ದರೆ ಬಡ್ಡಿ ಜಾಸ್ತಿ ಹಾಕಿ ಕೊಡಬಹುದಲ್ವಾ ಅಂತ ಕೇಳಬಹುದು. 1981ರಲ್ಲಿ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆಂಡ್ರ್ಯೂ ವೈಸ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಉತ್ತರ ಕೊಟ್ಟರು. ಬಡ್ಡಿ ಏರಿಸಿದ ಹಾಗೆ ಲೆಕ್ಕ ಹಾಕಿ ಸಾಲ ಮಾಡುವವರು ಹಿಂದೆ ಸರಿಯುತ್ತಾರೆ. ಹೇಗೂ ತೀರಿಸುವ ಯೋಚನೆ ಇಲ್ಲದವರು, ದೊಡ್ಡ ಜೂಜಿಗೆ ಇಳಿದವರು ಉಳಿಯುತ್ತಾರೆ. ಬಡ್ಡಿ ಏರಿದರೂ ಬ್ಯಾಂಕಿಗೆ ನಷ್ಟವೇ. ಅದಕ್ಕೆ ಬ್ಯಾಂಕು ಬಡ್ಡಿ ಏರಿಸುವ ಬದಲು ಸಾಲವನ್ನೇ ಇಲ್ಲ ಅಂದುಬಿಡುತ್ತದೆ. ಮಾಹಿತಿಯ ಕೊರತೆ ಮಾರುಕಟ್ಟೆಯನ್ನು ಹೇಗೆ ಕೆಡಿಸುತ್ತದೆ ಎಂಬ ಅಧ್ಯಯನಕ್ಕೆ ಸ್ಟಿಗ್ಲಿಟ್ಜ್ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಹಂಚಿಕೊಂಡರು.

ಇದರ ಮೇಲೆ ಖರ್ಚು ಬೇರೆ. ಅರ್ಜಿ ನೋಡಿ, ಮನೆಗೆ ಹೋಗಿ ಬಂದು, ಕಾಗದಪತ್ರ ಮಾಡಿ, ಕಂತು ವಸೂಲಿ ಮಾಡಲು ಒಂದು ಸಾಲಕ್ಕೆ 2,000 ರೂಪಾಯಿ ಬೀಳುತ್ತದೆ ಅಂತಿಟ್ಟುಕೊಳ್ಳಿ. 20 ಲಕ್ಷದ ಸಾಲದಲ್ಲಿ ಅದು ಶೇ 0.1. 20 ಸಾವಿರದ ಸಾಲದಲ್ಲಿ ಶೇ 10. ಸಣ್ಣ ಸಾಲ ದುಬಾರಿಯಾಗುವುದಕ್ಕೆ ದುರಾಸೆಯೊಂದೇ ಕಾರಣ ಅಲ್ಲ.

ಈ ಎರಡೂ ತೊಡಕುಗಳಿಗೆ ನಮ್ಮ ಕರಾವಳಿಯವರು ಬಹಳ ಹಿಂದೆಯೇ ಒಂದು ದಾರಿ ಹುಡುಕಿದ್ದರು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಪಿಗ್ಮಿಯನ್ನು ಎಲ್ಲರೂ ಉಳಿತಾಯದ ಯೋಜನೆ ಅಂತ ಹೊಗಳುತ್ತಾರೆ, ಸರಿಯೇ. ನನಗೆ ಅದರಲ್ಲಿ ಇನ್ನೂ ದೊಡ್ಡದೊಂದು ಕಾಣುತ್ತದೆ. ದಿನಾ ಬರುವ ಏಜೆಂಟರಿಗೆ ಯಾರ ವ್ಯಾಪಾರ ಹೇಗಿದೆ, ಮಳೆಗಾಲದಲ್ಲಿ ಯಾರ ಕೈ ಕಟ್ಟಿದೆ, ಕಷ್ಟದಲ್ಲೂ ಯಾರು ಕಟ್ಟುವುದನ್ನು ನಿಲ್ಲಿಸಲಿಲ್ಲ ಎಲ್ಲವೂ ಗೊತ್ತಿರುತ್ತಿತ್ತು. ಪಿಗ್ಮಿ ಪುಸ್ತಕ ತಿರುವಿದರೆ ಆ ಮನುಷ್ಯರ ವ್ಯವಹಾರದ ಶಿಸ್ತು ದಿನಾಂಕದ ಸಮೇತ ಕಾಣುತ್ತದೆ. ಸಾಲ ತೀರಿಸುವ ಶಿಸ್ತಿಗೆ ಅಂಕ ಕೊಡುವ ‘ಕ್ರೆಡಿಟ್ ಸ್ಕೋರ್’ ಅನ್ನುವ ಮಾತು ಹುಟ್ಟುವ ಮೊದಲೇ ಅದು ಇಲ್ಲಿತ್ತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಏಜೆಂಟರು ಸಹಕಾರಿ ಸಂಘಗಳ ಪರವಾಗಿ ಇವತ್ತಿಗೂ ಅಂಗಡಿ ಅಂಗಡಿ ಸುತ್ತುತ್ತಾರೆ.

ಇನ್ನೊಂದು ದಾರಿ ಗುಂಪಿನದು. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು 500 ಗುಂಪುಗಳಿಂದ ಶುರು ಮಾಡಿತು. ಬ್ಯಾಂಕಿಗೆ ಗೊತ್ತಿಲ್ಲದ್ದು ಅಕ್ಕಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಅಂತ ಅವರೇ ತೀರ್ಮಾನಿಸಿದರೆ ಸಾಲ ಮುಳುಗುವುದು ಕಡಿಮೆ.

ಇದೇ ಗುಂಪಿನ ಸಾಲವನ್ನು ಲಾಭಕ್ಕಾಗಿ ಓಡುವ ಕಂಪನಿಗಳು ಕೈಗೆತ್ತಿಕೊಂಡಾಗ ಕಥೆ ಬದಲಾಯಿತು. ಒಂದೇ ಬೀದಿಗೆ ನಾಲ್ಕೈದು ಕಂಪನಿಗಳು ಬಂದವು. ಒಂದರ ಕಂತು ಕಟ್ಟಲು ಇನ್ನೊಂದರ ಸಾಲ. ನೆರೆಯವರ ತಿಳಿವಳಿಕೆಯಿಂದ ನಡೆಯಬೇಕಾದ ಗುಂಪು ನೆರೆಯವರ ಒತ್ತಡದ ಯಂತ್ರವಾಯಿತು. ಅವಿಭಜಿತ ಆಂಧ್ರಪ್ರದೇಶದಲ್ಲಿ 2010ರ ಅಕ್ಟೋಬರ್‌ನಲ್ಲಿ ಸರ್ಕಾರ ಈ ಕಂಪನಿಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಿತು, ವಸೂಲಿ ಬಹುತೇಕ ನಿಂತೇಹೋಯಿತು. ಅದರ ಪೆಟ್ಟು ಆಂಧ್ರದ ಆಚೆಗೂ ತಗುಲಿತು. ಎಮಿಲಿ ಬ್ರೇಜಾ ಮತ್ತು ಸಿಂಥಿಯಾ ಕಿನ್ನನ್ ಎಂಬ ಸಂಶೋಧಕರು ಬೇರೆ ರಾಜ್ಯಗಳ ಜಿಲ್ಲೆಗಳನ್ನು ನೋಡಿದರು. ಆಂಧ್ರದಲ್ಲಿ ನಷ್ಟ ಮಾಡಿಕೊಂಡ ಕಂಪನಿಗಳು ಅಲ್ಲೆಲ್ಲ ಸಾಲ ಕೊಡುವುದನ್ನು ಕಡಿಮೆ ಮಾಡಿದ್ದವು. ಆ ಜಿಲ್ಲೆಗಳಲ್ಲಿ ದಿನಗೂಲಿಯೇ ಕುಸಿದಿತ್ತು. ಸಾಲ ಪಡೆಯದೇ ಇದ್ದ ಕೂಲಿಯವರೂ ಬೆಲೆ ತೆತ್ತರು.

2025ರ ಆರಂಭದಲ್ಲಿ ನಮ್ಮ ರಾಜ್ಯದ ಹಳ್ಳಿಗಳಿಂದ ಬಂದ ಸುದ್ದಿಗಳನ್ನು ಓದಿದವರಿಗೆ ಇದೆಲ್ಲ ಹಳೆಯ ಕಥೆ ಅನ್ನಿಸಲಿಕ್ಕಿಲ್ಲ. ಸಾಲ ವಸೂಲಿಯ ಕಿರುಕುಳ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದರು, ಜೀವ ಕಳೆದುಕೊಂಡವರಿದ್ದರು. ಫೆಬ್ರವರಿಯಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಅಂದಿತು. ಅದು ಬೇಕಿತ್ತು. ಆದರೆ ವಸೂಲಿಯ ಕ್ರೌರ್ಯ ಕೊನೆಯಲ್ಲಿ ಕಾಣುವಂಥದ್ದು. ತೀರಿಸಲಾಗದಷ್ಟು ಸಾಲ ಕೊಟ್ಟ ದಿನವೇ ತಪ್ಪು ನಡೆದುಹೋಗಿರುತ್ತದೆ. ಒಂದು ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಕಿರುಸಾಲಕ್ಕೆ ನಿಯಮ ಮಾಡಿದೆ. ಒಳ್ಳೆಯ ನಿಯಮವೇ. ಆದರೆ ಕೂಲಿಯವರ ತಿಂಗಳ ಆದಾಯ ಎಷ್ಟು ಅಂತ ಬರೆಯುವವರು ಯಾರು? ಕೈಸಾಲ, ಚೀಟಿ, ಮೀಟರ್ ಬಡ್ಡಿ ಯಾವ ಕಂಪ್ಯೂಟರಿನಲ್ಲೂ ಕಾಣುವುದಿಲ್ಲ.

ಹಾಗಂತ ಕೈ ಚೆಲ್ಲಿ ಕೂರಬೇಕಾಗಿಲ್ಲ. 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯನ್ನೇ ನೋಡಿ. ಬೀದಿ ವ್ಯಾಪಾರಿಗೆ ಮೊದಲು 10 ಸಾವಿರ, ತೀರಿಸಿದರೆ 20 ಸಾವಿರ, ಅದನ್ನೂ ತೀರಿಸಿದರೆ 50 ಸಾವಿರ. 2025ರಲ್ಲಿ ಮೊದಲ ಎರಡು ಮೆಟ್ಟಿಲನ್ನು 15 ಮತ್ತು 25 ಸಾವಿರಕ್ಕೆ ಏರಿಸಲಾಯಿತು. ಒಂದೊಂದು ಮೆಟ್ಟಿಲೂ ಆ ವ್ಯಾಪಾರಿಯ ಬಗ್ಗೆ ಬ್ಯಾಂಕಿಗೆ ಹೊಸದೊಂದು ವಿಷಯ ಕಲಿಸುತ್ತದೆ. ಇದರ ಜೊತೆಗೆ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇದೆ. ಗ್ರಾಹಕರು ಒಪ್ಪಿದರೆ ಅವರ ಖಾತೆಯ ವಿವರ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತದೆ, ನಡುವೆ ಸಾಗಿಸುವ ಕಂಪನಿ ಅದನ್ನು ತೆರೆದು ನೋಡುವಂತಿಲ್ಲ. ಕ್ಯೂಆರ್ ಕೋಡಿಗೆ ದಿನಾ ಬೀಳುವ ಹತ್ತು, ಇಪ್ಪತ್ತು ರೂಪಾಯಿಗಳು ಹೀಗೆ ಹೊಸ ಕಾಲದ ಪಿಗ್ಮಿ ಪುಸ್ತಕ ಆಗಬಹುದು.

ಆದರೂ ದಾಖಲೆ ಇದ್ದವರಿಗಷ್ಟೇ ದಾರಿ ಸಲೀಸು. ಕರ್ನಾಟಕದಲ್ಲಿ ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕ ಮೀರಿತು. ಪಹಣಿಯಲ್ಲಿ ಹೆಸರಿರುವ ರೈತರಿಗೆ ಬೆಳೆಸಾಲ ಸುಲಭ. ಇನ್ನೊಬ್ಬರ ಹೊಲವನ್ನು ಗುತ್ತಿಗೆಗೋ ಕೋರಿಗೋ ಮಾಡುವವರ ಪಾಡೇನು? 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಆಗಿನ ಗೇಣಿದಾರರಿಗೆ ಅದರಿಂದ ಭೂಮಿ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಆ ನಿಷೇಧದಿಂದಾಗಿ ಇಂದು ಗುತ್ತಿಗೆ ಮಾಡುವವರದು ಬರೀ ಬಾಯಿಮಾತಿನ ಕರಾರು, ಎಲ್ಲೂ ದಾಖಲಾಗುವುದಿಲ್ಲ. ಬಿತ್ತಿ ಬೆಳೆಯುವವರು ಅವರು, ಬೆಳೆಸಾಲ ಹೋಗುವುದು ಪಹಣಿಯಲ್ಲಿರುವ ಹೆಸರಿಗೆ. ಈ ಗಂಟನ್ನು ಯಾವ ಆ್ಯಪ್ ಕೂಡ ಬಿಚ್ಚಲಾರದು, ಕಾನೂನೇ ಬಿಚ್ಚಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೊಡುವವರಿಗೆ ಬೇಕಾದ ಮಾಹಿತಿ. ತೆಗೆದುಕೊಳ್ಳುವವರಿಗೂ ತಮ್ಮ ಸಾಲದ ಬಗ್ಗೆ ಗೊತ್ತಿರಬೇಕಲ್ವಾ? ಒಂದು ಲಕ್ಷ ಸಾಲ, ‘ಫ್ಲ್ಯಾಟ್’ ಶೇ 12 ಬಡ್ಡಿ, ಒಂದು ವರ್ಷ ಅಂತಿಟ್ಟುಕೊಳ್ಳಿ. ತಿಂಗಳಿಗೆ 9,333 ರೂಪಾಯಿ ಕಂತು. ಅಸಲು ತಿಂಗಳು ತಿಂಗಳೂ ಇಳಿಯುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಒಂದು ಲಕ್ಷಕ್ಕೇ ಹಾಕಿರುತ್ತಾರೆ. ಇಳಿಯುವ ಅಸಲಿಗೆ ಲೆಕ್ಕ ಹಾಕಿದರೆ ನಿಜವಾದ ದರ ವರ್ಷಕ್ಕೆ ಸುಮಾರು ಶೇ 21.5. ಬ್ಯಾಂಕು, ಹಣಕಾಸು ಕಂಪನಿಗಳು ಈ ನಿಜವಾದ ವಾರ್ಷಿಕ ದರವನ್ನು, ಎಲ್ಲ ಶುಲ್ಕ ಸೇರಿಸಿ, ಸಾಲದ ಮುಖ್ಯಾಂಶದ ಹಾಳೆಯಲ್ಲಿ ತೋರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. 2024ರ ಅಕ್ಟೋಬರ್‌ನಿಂದ ಜನರು ಸ್ವಂತಕ್ಕೆ ಪಡೆಯುವ ಚಿಲ್ಲರೆ ಸಾಲಗಳಿರಲಿ, ಸಣ್ಣ ಉದ್ಯಮಗಳ ಸಾಲಗಳಿರಲಿ, ನಿಗದಿತ ಅವಧಿಯ ಎಲ್ಲ ಹೊಸ ಸಾಲಗಳಿಗೂ ಅದು ಕಡ್ಡಾಯ. ಹಾಳೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸಹಿ ಹಾಕುವ ಮೊದಲು ಆ ಹಾಳೆಯನ್ನು ಕನ್ನಡದಲ್ಲೇ ಕೊಡಿ ಅಂತ ಯಾರು ಬೇಕಾದರೂ ಕೇಳಬಹುದು.