ಕ್ಯಾಮ್‌ಗೆ ಗೇರ್ ಹಾಕಿಸುವ ಮೊದಲು ಕ್ರ್ಯಾಂಕ್ ಅಳೆಸಿ

ಕಳೆದ ತಿಂಗಳು ಒಬ್ಬರು 2014ರ ಹಾರ್ಲೆ-ಡೇವಿಡ್ಸನ್ ಸ್ಟ್ರೀಟ್ ಬಾಬ್ ಬೈಕ್ ತಂದು ನಿಲ್ಲಿಸಿದರು. ಜೊತೆಗೆ ಒಂದು ಪೆಟ್ಟಿಗೆ. ಅಮೆರಿಕದಲ್ಲಿರುವ ತಂಗಿ ಊರಿಗೆ ಬರುವಾಗ ತರಿಸಿಕೊಂಡ ಗೇರ್ ಕಿಟ್, ಅಂದರೆ ಇಂಜಿನ್‌ನ ವಾಲ್ವ್ ತೆರೆಯುವ ಕ್ಯಾಮನ್ನು ಚೈನ್ ಬದಲು ಗೇರ್‌ನಿಂದ ತಿರುಗಿಸುವ ಸಾಮಾನು. "ಚೈನ್ ಕಿತ್ತು ಇದನ್ನ ಹಾಕಿಬಿಡಿ ಸರ್, ಆಮೇಲೆ ಯೋಚನೆನೇ ಇರಲ್ಲ" ಅಂದರು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಎಷ್ಟು ಔಟ್ ಇದೆ, ಅಂದರೆ ನೇರ ತಿರುಗದೆ ಎಷ್ಟು ಓಲಾಡುತ್ತದೆ ಅಂತ ಅಳೆಸಿದ್ದೀರಾ ಎಂದು ಕೇಳಿದೆ. ಅಳೆಸಿರಲಿಲ್ಲ. ಯಾರೂ ಅಳೆಸಿರುವುದಿಲ್ಲ. ನನಗೆ ಬೇಜಾರಾಗುವುದು ಇಲ್ಲೇ. ದುಡ್ಡು ಖರ್ಚು ಮಾಡಿ ಪಾರ್ಟ್ ತರಿಸಿದ ಮೇಲೆ "ಇದು ನಿಮ್ಮ ಇಂಜಿನ್‌ಗೆ ಆಗಲ್ಲ" ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ.

ಆ ಸ್ಟ್ರೀಟ್ ಬಾಬ್‌ನಲ್ಲಿರುವುದು ಹಾರ್ಲೆಯ ಟ್ವಿನ್ ಕ್ಯಾಮ್ ಇಂಜಿನ್. ಅದು ಬಂದದ್ದು 1999ರಲ್ಲಿ. ಅದಕ್ಕಿಂತ ಹಿಂದಿನ ಎವಲ್ಯೂಷನ್ ಇಂಜಿನ್‌ನಲ್ಲಿ ಒಂದೇ ಕ್ಯಾಮ್, ಅದೂ ನೇರ ಗೇರ್. ಟ್ವಿನ್ ಕ್ಯಾಮ್‌ನಲ್ಲಿ ಎರಡು ಕ್ಯಾಮ್, ಎರಡು ಚೈನ್. ಹೊರಗಿನ ಚೈನ್ ಕ್ರ್ಯಾಂಕ್‌ನಿಂದ ಹಿಂದಿನ ಕ್ಯಾಮ್‌ಗೆ, ಒಳಗಿನದು ಅಲ್ಲಿಂದ ಮುಂದಿನ ಕ್ಯಾಮ್‌ಗೆ. ಮೊದಲ ವರ್ಷಗಳಲ್ಲಿ ಈ ಚೈನ್‌ಗಳನ್ನು ಬಿಗಿ ಹಿಡಿಯಲು ಜೋರಾದ ಸ್ಪ್ರಿಂಗ್, ಅದರ ತುದಿಯಲ್ಲಿ ಚೈನ್‌ಗೆ ಒತ್ತಿಕೊಂಡಿರುವ ಪ್ಲಾಸ್ಟಿಕ್ ಶೂ ಇತ್ತು. ಶೂ ಸವೆಯುತ್ತಿತ್ತು. ಅದರ ಚೂರು ಆಯಿಲ್ ಪಂಪ್ ಸೇರಿ ಇಂಜಿನ್ನೇ ಹಾಳಾದದ್ದುಂಟು. ಚೈನ್ ಅಂದರೆ ಜನ ಹೆದರುವುದು ಈ ಕಥೆಗಳನ್ನು ಕೇಳಿಯೇ.

ಕಥೆ ಸುಳ್ಳಲ್ಲ, ಆದರೆ ಹಳೆಯದು. 2007ರ ಮಾದರಿಯಿಂದ, ಸ್ಟ್ರೀಟ್ ಬಾಬ್ ಸೇರಿದ ಡೈನಾ ಸಾಲಿನ ಬೈಕ್‌ಗಳಲ್ಲಿ 2006ರಿಂದಲೇ, ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಟೆನ್ಷನರ್ (ಚೈನ್ ಬಿಗಿ ಹಿಡಿಯುವ ಭಾಗ) ಬಂತು. ಶೂ ಇದರಲ್ಲೂ ಇದೆ. ಚೈನ್ ಕೂಡ ರೋಲರ್ ಚೈನ್ ಆಯಿತು. ಭಾರತದಲ್ಲಿ ಹಾರ್ಲೆ ಶೋರೂಮ್‌ಗಳು ತೆರೆದದ್ದು 2010ರಲ್ಲಿ. ಅಂದರೆ ಇಲ್ಲಿ ಶೋರೂಮ್‌ನಿಂದ ಹೊಸದಾಗಿ ಬಂದ ಟ್ವಿನ್ ಕ್ಯಾಮ್ ಎಲ್ಲವೂ ಹೈಡ್ರಾಲಿಕ್ ಟೆನ್ಷನರ್‌ನವೇ. ಯಾವುದೋ 2003ರ ಬೈಕ್‌ಗೆ ಆದದ್ದನ್ನು ಓದಿಕೊಂಡು 2014ರ ಬೈಕ್ ಬಿಚ್ಚಿಸಲು ಬರುತ್ತಾರೆ. ಹೊರದೇಶದಿಂದ ತರಿಸಿದ ಹಳೆಯ ಬೈಕ್ ನಿಮ್ಮದಾದರೆ ಮಾತು ಬೇರೆ. ಅದರ ಶೂ ನೋಡಿಸದೆ ಓಡಿಸಬೇಡಿ. ಹೊರಗಿನ ಶೂ, ಕ್ಯಾಮ್ ಕವರ್ ತೆಗೆದರೆ ಕಾಣುತ್ತದೆ. ಒಳಗಿನದು ಕ್ಯಾಮ್ ಪ್ಲೇಟ್ ಬಿಚ್ಚುವವರೆಗೆ ಕಾಣುವುದಿಲ್ಲ.

ಈಗ ಕ್ರ್ಯಾಂಕ್ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ.

ರಸ್ತೆ ಬದಿಯ ಕಬ್ಬಿನ ಹಾಲಿನ ಮಿಷನ್ ನೋಡಿರುತ್ತೀರಿ. ಉರುಳೆಗಳ ತುದಿಯಲ್ಲಿ ಗೇರ್‌ಗಳಿರುತ್ತವೆ, ಹಲ್ಲಿಗೆ ಹಲ್ಲು ಕೂತು ತಿರುಗುತ್ತವೆ. ಒಂದು ಉರುಳೆಯ ಶಾಫ್ಟ್ ಸ್ವಲ್ಪ ಸೊಟ್ಟ ಅಂತ ಇಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲೂ ಒಂದು ಕಡೆ ಹಲ್ಲುಗಳು ಬಿಗಿಯಾಗಿ ಕಚ್ಚುತ್ತವೆ, ಎದುರು ಕಡೆ ಸಡಿಲವಾಗುತ್ತವೆ. ಬಿಗಿಯಾದಾಗ ಬೇರಿಂಗ್‌ಗೆ ಪೆಟ್ಟು, ಸಡಿಲವಾದಾಗ ಹಲ್ಲಿಗೆ ಪೆಟ್ಟು. ಈಗ ಬಾವಿಯ ರಾಟೆ ನೆನಪಿಸಿಕೊಳ್ಳಿ. ರಾಟೆ ಸ್ವಲ್ಪ ಸೊಟ್ಟಗಿದ್ದರೂ ಹಗ್ಗ ಆ ಕಡೆ ಈ ಕಡೆ ಆಡುತ್ತಾ ನೀರು ಎತ್ತಿಯೇ ಎತ್ತುತ್ತದೆ. ಚೈನ್ ಈ ಹಗ್ಗದ ಹಾಗೆ. ಶಾಫ್ಟ್ ಔಟ್ ಇದ್ದಷ್ಟನ್ನೂ ಟೆನ್ಷನರ್ ಒಳಗೆ ಹೊರಗೆ ಆಡಿ ನುಂಗಿಕೊಳ್ಳುತ್ತದೆ. ಗೇರ್‌ಗೆ ನುಂಗಿಕೊಳ್ಳುವ ಜಾಗವೇ ಇಲ್ಲ.

ಟ್ವಿನ್ ಕ್ಯಾಮ್ ಕ್ರ್ಯಾಂಕ್ ಒಂದೇ ತುಂಡಿನದಲ್ಲ. ಎರಡು ಫ್ಲೈವೀಲ್ (ಭಾರದ ಚಕ್ರ), ನಡುವೆ ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ ಪಿನ್. ಸಿಗ್ನಲ್‌ನಲ್ಲಿ ಕ್ಲಚ್ ಸಟ್ಟನೆ ಬಿಟ್ಟು ಹಾರಿಸುವವರ ಬೈಕ್‌ನಲ್ಲಿ, ಜೋರು ವೇಗದಲ್ಲಿ ತಪ್ಪಿ ಕೆಳಗಿನ ಗೇರ್‌ಗೆ ಇಳಿಸಿದ ಬೈಕ್‌ನಲ್ಲಿ, ಈ ಎರಡು ಫ್ಲೈವೀಲ್ ಒಂದಕ್ಕೊಂದು ಕೂದಲೆಳೆಯಷ್ಟು ಸರಿಯಬಹುದು. ಹೊಸ ಇಂಜಿನ್‌ನಲ್ಲೂ ಸ್ವಲ್ಪ ಔಟ್ ಇರುವುದುಂಟು. ಚೈನ್ ಇರುವವರೆಗೆ ನಿಮಗೆ ಗೊತ್ತೇ ಆಗುವುದಿಲ್ಲ.

ಗೇರ್ ಕಿಟ್ ಮಾಡುವವರು ಸಾಮಾನ್ಯವಾಗಿ ಒಪ್ಪುವ ಮಿತಿ 3 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ ಸುಮಾರು 0.076 ಮಿ.ಮೀ. ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಅಳೆಯುವುದು ಹೀಗೆ: ಕ್ಯಾಮ್ ಕವರ್, ಕ್ಯಾಮ್ ಪ್ಲೇಟ್, ಆಯಿಲ್ ಪಂಪ್ ಬಿಚ್ಚಬೇಕು. ಸ್ಪಾರ್ಕ್ ಪ್ಲಗ್ ತೆಗೆದು ಇಂಜಿನ್ ಹಗುರವಾಗಿ ತಿರುಗುವಂತೆ ಮಾಡಬೇಕು. ಪಿನಿಯನ್ ಶಾಫ್ಟ್ (ಕ್ರ್ಯಾಂಕ್‌ನ ಕ್ಯಾಮ್ ಕಡೆಯ ತುದಿ) ಮೇಲೆ ಮುಳ್ಳಿನ ಅಳತೆಯ ಡಯಲ್ ಗೇಜ್ ಇಟ್ಟು ನಿಧಾನಕ್ಕೆ ಸುತ್ತಿಸಬೇಕು. ಮುಳ್ಳು ಈ ತುದಿಯಿಂದ ಆ ತುದಿಗೆ ಒಟ್ಟು ಎಷ್ಟು ಓಡಿತು ಎನ್ನುವುದೇ ಲೆಕ್ಕ. ಕೆಲವರು ಅದನ್ನು ಅರ್ಧ ಮಾಡಿ ಹೇಳುತ್ತಾರೆ. ಹಾಗೆ ಮಾಡಿದರೆ 5 ಥೌ ಇದ್ದದ್ದು ಎರಡೂವರೆ ಆಗಿ ಪಾಸಾಗಿಬಿಡುತ್ತದೆ. ಮೆಕ್ಯಾನಿಕ್ ಅಳೆಯುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಬೇಡ ಅನ್ನುವವರ ಹತ್ತಿರ ಕೆಲಸ ಕೊಡಬೇಡಿ.

ಎರಡು ವರ್ಷದ ಹಿಂದೆ ಒಬ್ಬರದು 6 ಥೌ ಬಂತು. ನಾನು ಆಗಲ್ಲ ಎಂದೆ. ಅವರು ಬೇರೆ ಕಡೆ ಗೇರ್ ಹಾಕಿಸಿಕೊಂಡರು. ಕೆಲವು ತಿಂಗಳಾದ ಮೇಲೆ ಸೀಟಿ ಊದಿದಂಥ ಸದ್ದಿನ ಜೊತೆ ಮತ್ತೆ ನನ್ನ ಹತ್ತಿರ ಬಂದರು. ಬಿಚ್ಚಿದರೆ ಆಯಿಲ್ ಪಂಪ್‌ನಲ್ಲಿ ಗೀರು, ಗೇರ್ ಹಲ್ಲುಗಳ ಒಂದೇ ಮಗ್ಗುಲು ಸವೆದು ಹೊಳೆಯುತ್ತಿತ್ತು. ಒಳ್ಳೆಯ ಮನುಷ್ಯ, ಬೈಕ್ ಅಂದರೆ ಪ್ರಾಣ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಅವತ್ತು ನನಗೂ ಊಟ ಸೇರಲಿಲ್ಲ.

"ಬುಲೆಟ್‌ನಲ್ಲಿ ಗೇರ್ ಅಲ್ವಾ ಸರ್, ಐವತ್ತು ವರ್ಷ ಓಡಿಲ್ವಾ?" ಅಂತ ಕೇಳುತ್ತಾರೆ. ಓಡಿದೆ. ನಾನು ಕೆಲಸ ಕಲಿತದ್ದೇ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಬುಲೆಟ್ ಶೆಡ್‌ನಲ್ಲಿ. ನಮ್ಮ ಉಸ್ತಾದರು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಟೈಮಿಂಗ್ ಕವರಿಗೆ, ಹಿಡಿಯನ್ನು ಕಿವಿಗೆ ಕೊಟ್ಟು ಗೇರ್ ಸದ್ದು ಕೇಳುತ್ತಿದ್ದರು. ಹಳೆಯ ಬುಲೆಟ್‌ನಲ್ಲಿ ಕ್ಯಾಮ್ ಕೂರುವ ಸ್ಪಿಂಡಲ್ ಎಕ್ಸೆಂಟ್ರಿಕ್, ಅಂದರೆ ಅದರ ನಡು ಸ್ವಲ್ಪ ಪಕ್ಕಕ್ಕಿರುತ್ತಿತ್ತು. ಅದನ್ನು ಸ್ವಲ್ಪ ತಿರುಗಿಸಿ ಹಲ್ಲುಗಳ ಬಿಗಿ ಸಡಿಲ ಹೊಂದಿಸಬಹುದಿತ್ತು. ಉಸ್ತಾದರು ಯಾವತ್ತೂ ಪೂರ್ತಿ ಬಿಗಿ ಮಾಡುತ್ತಿರಲಿಲ್ಲ. "ಸ್ವಲ್ಪ ಮಾತಾಡಲಿ ಬಿಡೋ" ಅನ್ನುತ್ತಿದ್ದರು. ನಿಧಾನ ತಿರುಗುವ ಇಂಜಿನ್ ಅದು, ಆ ಸಡಿಲ ನಡೆಯುತ್ತಿತ್ತು. ಇವತ್ತಿನ ಬುಲೆಟ್ 350 ನೋಡಿ, 2023ರಿಂದ ಅದರಲ್ಲೂ ಕ್ಯಾಮ್ ಮೇಲೆ ಹೋಗಿ ಚೈನ್ ಬಂದಿದೆ. ಹೋಂಡಾ 1986ರಲ್ಲಿ ವಿಎಫ್ಆರ್ 750ಗೆ ಗೇರ್ ಕ್ಯಾಮ್ ಕೊಟ್ಟಿತ್ತು. ಅದರ ಕ್ರ್ಯಾಂಕ್ ಒಂದೇ ತುಂಡಿನದು, ಹಾಗಾಗಿ ನಡೆಯಿತು. 2002ರ ವಿಎಫ್ಆರ್ 800ರಲ್ಲಿ ಅವರೂ ಚೈನ್‌ಗೆ ಬಂದರು.

ಇನ್ನೊಬ್ಬ ಹುಡುಗ ಹಾರ್ಲೆಯದೇ ಸ್ಪೋರ್ಟ್‌ಸ್ಟರ್ ಸಾಲಿನ ಐರನ್ 883 ತಂದು ಗೇರ್ ಕ್ಯಾಮ್ ಹಾಕಿ ಎಂದ. ಸ್ಪೋರ್ಟ್‌ಸ್ಟರ್‌ನಲ್ಲಿ ನಾಲ್ಕು ಕ್ಯಾಮ್, ನಾಲ್ಕೂ ಗೇರೇ. ಕವರ್‌ನೊಳಗಿನ ಫೋಟೋ ತೋರಿಸಿದೆ. ಖುಷಿಯಿಂದ ಟೀ ಕುಡಿದು ಹೋದ.

ಗೇರ್ ಬೇಡವೇ ಬೇಡ ಅನ್ನುತ್ತಿಲ್ಲ. ಕ್ರ್ಯಾಂಕ್ ನೇರ ಇದ್ದು, ದೊಡ್ಡ ಲಿಫ್ಟ್‌ನ (ವಾಲ್ವನ್ನು ಹೆಚ್ಚು ಎತ್ತುವ) ಕ್ಯಾಮ್, ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕುವವರಿಗೆ ಗೇರ್ ಚೆನ್ನಾಗಿರುತ್ತದೆ. ಟೈಮಿಂಗ್ ಅಲುಗುವುದಿಲ್ಲ, ಶೂ ಸವೆಯುವ ಚಿಂತೆಯಿಲ್ಲ. ಆದರೆ ಗೇರ್ ಹಾಕಿದರೆ ಹಿಂದಿನ ಕ್ಯಾಮ್ ತಿರುಗುವ ದಿಕ್ಕೇ ಉಲ್ಟಾ ಆಗುತ್ತದೆ. ಹಾಗಾಗಿ ಈಗಿರುವ ಕ್ಯಾಮ್‌ಗಳನ್ನು ಉಳಿಸಿಕೊಳ್ಳಲು ಆಗದು, ಅವೂ ಹೊಸವು ಬೇಕು. ಔಟ್ ಇರುವ ಕ್ರ್ಯಾಂಕನ್ನು ಹೊರತೆಗೆದು ನೇರ ಮಾಡಿ ಪಿನ್ ವೆಲ್ಡ್ ಮಾಡಿಸಬಹುದು. ಅದಕ್ಕೆ ಇಂಜಿನ್ ಪೂರ್ತಿ ಇಳಿಸಬೇಕು, ಖರ್ಚು ಕಿಟ್‌ಗಿಂತ ಜಾಸ್ತಿ ಆಗಬಹುದು. ದಿನಾ ಆಫೀಸಿಗೆ, ವಾರಕ್ಕೊಮ್ಮೆ ನಂದಿ ಬೆಟ್ಟಕ್ಕೆ ಹೋಗುವ ಬೈಕ್‌ಗೆ ನಾನು ಅದನ್ನು ಹೇಳುವುದಿಲ್ಲ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. 40,000 ಕಿ.ಮೀ. ದಾಟಿದ ಮೇಲೆ ಒಮ್ಮೆ ಶೂ ನೋಡಿಸಿ. ಇದು ನನ್ನ ಅಭ್ಯಾಸ, ನಿಮ್ಮ ಮಾದರಿಯ ಮ್ಯಾನುಯಲ್ ಏನು ಹೇಳುತ್ತದೆ ಅದನ್ನೂ ನೋಡಿಕೊಳ್ಳಿ.

ಆ ಸ್ಟ್ರೀಟ್ ಬಾಬ್ ಅಳೆದಾಗ ಮುಳ್ಳು ಐದೂವರೆ ಥೌ ತೋರಿಸಿತು. ಅವರೇ ಮೂರು ಸಲ ಸುತ್ತಿಸಿ ನೋಡಿದರು. ಎರಡೂ ಶೂ ಹೊಸದು ಹಾಕಿ ಕಳಿಸಿದೆ. ಕಿಟ್ ಇನ್ನೂ ನನ್ನ ಶೆಲ್ಫ್‌ನಲ್ಲಿದೆ. 3 ಥೌ ಒಳಗಿರುವ ಕ್ರ್ಯಾಂಕ್‌ನವರು ಯಾರಾದರೂ ಬಂದರೆ ತಾವು ಕೊಂಡ ರೇಟಿಗೇ ಕೊಟ್ಟುಬಿಡಿ ಎಂದು ಹೇಳಿ ಹೋಗಿದ್ದಾರೆ.