ಬೈಲಕುಪ್ಪೆಯ ಬದುಕಿಗೆ ಲುಧಿಯಾನದ ಉದ್ದರಿ

ಚಳಿ ಶುರುವಾಯಿತೆಂದರೆ ಬೆಂಗಳೂರಿನಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ತಲೆ ಎತ್ತುತ್ತವೆ. ಹಗ್ಗಕ್ಕೆ ಸಾಲಾಗಿ ತೂಗುಹಾಕಿದ ಮಕ್ಕಳ ಸ್ವೆಟರ್‌ಗಳು, ಮುಂದೆ ಮಂಕಿ ಕ್ಯಾಪ್‌ಗಳ ರಾಶಿ. ಸರಕು ಟಿಬೆಟಿನದೆಂದು ನಂಬಿ ಕೊಳ್ಳುವವರು ಇಂದಿಗೂ ಇದ್ದಾರೆ. ಅದರಲ್ಲಿ ಬಹುಪಾಲು ಬರುವುದು ಪಂಜಾಬಿನ ಲುಧಿಯಾನದಿಂದ.

1950ರಲ್ಲಿ ಚೀನಾದ ಸೇನೆ ಪೂರ್ವ ಟಿಬೆಟಿನ ಚಾಮ್ಡೊ ಪಟ್ಟಣವನ್ನು ವಶಪಡಿಸಿಕೊಂಡಿತು. 1959ರ ಮಾರ್ಚ್‌ನಲ್ಲಿ ಟಿಬೆಟಿನ ರಾಜಧಾನಿ ಲಾಸಾದ ದಂಗೆಯನ್ನು ಹತ್ತಿಕ್ಕಿತು. ದಲೈ ಲಾಮಾ ಅವರ ಬೆನ್ನಿಗೆ ಸುಮಾರು 80 ಸಾವಿರ ಜನ ದೇಶ ಬಿಟ್ಟರು. ರೈತರು, ಯಾಕ್ ಮೇಯಿಸುವವರು, ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ಗೆ ಉಣ್ಣೆ ತಂದು ಮಾರುತ್ತಿದ್ದವರು ಎಲ್ಲರೂ ಅವರಲ್ಲಿದ್ದರು. ಹೆಚ್ಚಿನವರಿಗೆ ಮೊದಲು ದಕ್ಕಿದ್ದು ಹಿಮಾಲಯದ ರಸ್ತೆ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಕೂಲಿ.

ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಅದು ಕಾಡು. ಬಂದವರು ಡೇರೆ ಹೊಡೆದು ಮರ ಕಡಿದರು, ಬಿಸಿಲಿಗೆ ಬಳಲಿದರು, ಆನೆಗಳನ್ನು ಓಡಿಸಲು ರಾತ್ರಿ ಕಾವಲು ಕುಳಿತರು. ತಲೆಗೆ ಸುಮಾರು ಒಂದು ಎಕರೆ ಲೆಕ್ಕದಲ್ಲಿ ಜಮೀನು ಹಂಚಿಕೆಯಾಯಿತು. 1966ರಲ್ಲಿ ಮುಂಡಗೋಡಿನಲ್ಲಿ ಇನ್ನೊಂದು ವಸಾಹತು ಎದ್ದಿತು. ಇಂದು ಗ್ರಾಮೀಣಾಭಿವೃದ್ಧಿಗೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಜನರಿಗೆ ನೆಲೆ ಕಲ್ಪಿಸಲು.

ಆದರೆ ಮಳೆ ನಂಬಿದ ಮುಸುಕಿನ ಜೋಳ ಎಷ್ಟು ಜನರನ್ನು ಸಾಕೀತು? ಸಂಸಾರ ಬೆಳೆಯಿತು, ಜಮೀನು ಬೆಳೆಯಲಿಲ್ಲ. ಅದನ್ನು ಮಾರುವಂತಿಲ್ಲ, ಬ್ಯಾಂಕಿಗೆ ಅಡವಿಡುವಂತೆಯೂ ಇಲ್ಲ. ಇಂಥ ಮನೆಗೆ ಬಂಡವಾಳ ಎಲ್ಲಿಂದ ಬರಬೇಕು?

ದಾರಿ ತೋರಿದ್ದು ಹೆಂಗಸರ ಕೈಕಸುಬು. ಮೊದಮೊದಲು ಕೈಯಲ್ಲೇ ಹೆಣೆದ ಸ್ವೆಟರ್‌ಗಳನ್ನು ಬೀದಿಬದಿಯಲ್ಲಿ ಮಾರಿದರು. ಬೇಡಿಕೆ ಹೆಚ್ಚಿದಾಗ ಲುಧಿಯಾನದ ಗಿರಣಿ ಮಾಲು ಬಂತು, ಅದೂ ಉದ್ದರಿಯಾಗಿ. ಸೀಸನ್ನಿಗೆ ಮುಂಚೆ ಮೂಟೆ ಒಯ್ಯುವುದು, ಮಾರಾಟ ಮುಗಿದ ಮೇಲೆ ಹಣ ಕಟ್ಟುವುದು. ಅಡಮಾನವಿಲ್ಲ. ಬಾಕಿ ಉಳಿಸಿಕೊಂಡರೆ ಮುಂದಿನ ವರ್ಷ ಮಾಲು ಸಿಗದು, ಜೊತೆಯವರ ಹೆಸರಿಗೂ ಕಳಂಕ. ಸರ್ಕಾರದ ಜಮೀನು ತಲೆಯ ಮೇಲೆ ಸೂರು ಕೊಟ್ಟಿತು, ನಿಜ. ಕೈಯಲ್ಲಿ ನಾಲ್ಕು ಕಾಸು ಆಡಿಸಿದ್ದು ಲುಧಿಯಾನದ ವರ್ತಕರ ಖಾತೆ ಪುಸ್ತಕ ಎಂದೇ ನನ್ನ ಎಣಿಕೆ.

ಬೇಸಾಯದ ಪಂಚಾಂಗಕ್ಕೂ ಇದು ಹೊಂದಿಕೊಂಡಿತು. ಮುಂಗಾರಿನಲ್ಲಿ ಬಿತ್ತನೆ, ಕೊಯ್ಲು ಮುಗಿಸಿ ವ್ಯಾಪಾರ, ಹೊಸ ವರ್ಷದ ಲೋಸರ್ ಹಬ್ಬಕ್ಕೆ ಮನೆ. ಆ ತಿಂಗಳುಗಳಲ್ಲಿ ಮಕ್ಕಳು ಅಜ್ಜ ಅಜ್ಜಿಯರ ಬಳಿಯೋ ಹಾಸ್ಟೆಲಿನಲ್ಲೋ ಉಳಿಯಬೇಕಿತ್ತು. ಅಪ್ಪ ಅಮ್ಮನಿಲ್ಲದೆ ಕಳೆದ ಆ ಚಳಿಗಾಲಗಳನ್ನು ಯಾವ ಲಾಭದ ಲೆಕ್ಕಕ್ಕೆ ಹಿಡಿಯುವುದು?

ಇಡೀ ವರ್ಷದ ದುಡಿಮೆ ಕೆಲವೇ ವಾರಗಳ ಚಳಿಗೆ ಜೋತುಬಿದ್ದಿದೆ. ಚಳಿ ಕೈಕೊಟ್ಟರೆ ಮಾಲು ಉಳಿಯುತ್ತದೆ. 2016ರ ನವೆಂಬರ್ 8ರ ನೋಟು ರದ್ದತಿ ಅಪ್ಪಳಿಸಿದ್ದೂ ಸೀಸನ್ನಿನ ಹೊತ್ತಿಗೇ. ಗಿರಾಕಿಯ ಕೈಯಲ್ಲಿ ಚಿಲ್ಲರೆ ಇರಲಿಲ್ಲ, ಲುಧಿಯಾನದ ಬಾಕಿ ಮಾತ್ರ ಹಾಗೆಯೇ ಇತ್ತು. 2014ರ ಟಿಬೆಟಿಯನ್ನರ ಪುನರ್ವಸತಿ ನೀತಿಯಲ್ಲಿ ಕೇಂದ್ರ ಸರ್ಕಾರ ಬೀದಿಬದಿಯ ಇಂಥ ಮಾರುಕಟ್ಟೆಗಳಿಗೆ ನೆರವಾಗುವಂತೆ ರಾಜ್ಯಗಳಿಗೆ ಸೂಚಿಸಿದ್ದರೂ ಜಾಗಕ್ಕಾಗಿ ಅಲೆದಾಟ ನಿಂತಿಲ್ಲ.

ಸ್ವೆಟರ್ ಮಾರಿ ಓದಿಸಿದ ಮಕ್ಕಳಲ್ಲಿ ಹಲವರು ಈಗ ನರ್ಸ್‌ಗಳು, ಕಾಲ್ ಸೆಂಟರ್ ನೌಕರರು. ಕೆಲವರು ಯುರೋಪ್, ಅಮೆರಿಕ ಸೇರಿದ್ದಾರೆ. ಮೂಟೆ ಹೊರಲು ವಾಪಸು ಬರುವವರು ಕಡಿಮೆ.