ಬೆಂಜೀನ್ ಇಲ್ಲವೆಂದರೆ ನೀರು ಶುದ್ಧವೇ?

ಅಮೆರಿಕದ ಉತ್ತರದ ಗಡಿಗೆ ಹತ್ತಿರವಿರುವ ಬೆಮಿಡ್ಜಿ ಮಿನೆಸೋಟ ರಾಜ್ಯದ ಒಂದು ಊರು. 1979ರ ಆಗಸ್ಟ್ 20ರಂದು ಅದರ ಸಮೀಪ ಕಚ್ಚಾ ತೈಲದ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ತೈಲ ಚೆಲ್ಲಿತು. ನಿಂತ ತೈಲವನ್ನು ಪಂಪ್ ಹಚ್ಚಿ ಎತ್ತಿದರು, ಒಂದಷ್ಟನ್ನು ಸುಟ್ಟರು, ತೈಲ ಕುಡಿದ ಮಣ್ಣನ್ನು ಅಗೆದು ತೆಗೆದರು. ಆದರೂ ಸುಮಾರು 4 ಲಕ್ಷ ಲೀಟರ್ ಮರಳಿನೊಳಗೇ ಉಳಿಯಿತು. 1983ರಿಂದ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ (ಯುಎಸ್‌ಜಿಎಸ್) ವಿಜ್ಞಾನಿಗಳು ಅಲ್ಲಿ ಬಾವಿ ಕೊರೆದು ಅಂತರ್ಜಲವನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಚೆಲ್ಲಿದ ತೈಲ ನೆಲದಡಿ ಏನಾಗುತ್ತದೆಂಬುದರ ಬಗ್ಗೆ ಆ ಬಾವಿಗಳು ಬಹಳಷ್ಟು ತಿಳಿಸಿಕೊಟ್ಟಿವೆ.

ತೈಲ ನೀರಿಗಿಂತ ಹಗುರ. ಕೆಳಗಿಳಿಯುತ್ತ ಅಂತರ್ಜಲದ ಮಟ್ಟ ಮುಟ್ಟಿದೊಡನೆ ಅಲ್ಲಿಯೇ ನಿಂತು ಅಡ್ಡಕ್ಕೆ ಹರಡುತ್ತದೆ. ಅದರೊಳಗಿನ ಬೆಂಜೀನ್, ಟಾಲ್ವೀನ್‌ನಂಥವು ಅಲ್ಪಸ್ವಲ್ಪ ಕರಗಿ ನೀರು ಹರಿಯುವ ದಿಕ್ಕಿಗೆ ಹೊರಡುತ್ತವೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಈ ಕಲ್ಮಶವನ್ನು ಪತ್ತೆ ಹಚ್ಚಲು ಮೊದಲು ನೀರು ಯಾವ ಕಡೆ ಹರಿಯುತ್ತದೆಂದು ತಿಳಿಯಬೇಕು. ಅದಕ್ಕೆ ಕನಿಷ್ಠ ಮೂರು ಬಾವಿಗಳು ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ಮೂರರ ನೀರಿನ ಮಟ್ಟ ಅಳೆದರೆ ಇಳಿಜಾರಿನ ದಿಕ್ಕು ಸಿಗುತ್ತದೆ. ತೈಲದ ಮೇಲ್ಬದಿಗೆ, ಅಂದರೆ ನೀರು ಹರಿದು ಬರುವ ಕಡೆಗೆ, ಒಂದು ಬಾವಿಯಾದರೂ ಇರಬೇಕು, ಇಲ್ಲವಾದರೆ ಕಲ್ಮಶ ಇಲ್ಲಿಯದೋ ಬೇರೆಲ್ಲಿಂದಲೋ ಬಂದದ್ದೋ ಹೇಳಲಾಗದು. ನೀರು ತೆಗೆಯುವಾಗಲೂ ಆತುರ ಸಲ್ಲದು. ನಿಧಾನವಾಗಿ ಪಂಪ್ ಮಾಡುತ್ತ, ಆಮ್ಲಜನಕ, ಪಿಎಚ್, ವಿದ್ಯುದ್ವಾಹಕತೆ ಒಂದೇ ಮಟ್ಟಕ್ಕೆ ನಿಲ್ಲುವವರೆಗೆ ಕಾಯಬೇಕು. ಬೆಂಜೀನ್ ಗಾಳಿಗೆ ಹಾರುವ ಜಾತಿಯದು, ಆದ್ದರಿಂದ ಶೀಶೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ತಂಪಿನಲ್ಲಿಟ್ಟು ಲ್ಯಾಬಿಗೆ ಒಯ್ಯಬೇಕು.

ಇಷ್ಟು ಎಚ್ಚರ ವಹಿಸಿದರೂ ಬಾವಿ ದಾರಿ ತಪ್ಪಿಸಬಲ್ಲದು. ಮಳೆಗಾಲದಲ್ಲಿ ನೀರಿನ ಮಟ್ಟ ಏರಿದಾಗ ತೈಲ ಮರಳಿನ ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡು ನೀರಿನಡಿ ಮುಳುಗುತ್ತದೆ, ಬಾವಿಯಲ್ಲಿ ತೈಲವೇ ಕಾಣದು. ಬೇಸಿಗೆಯಲ್ಲಿ ಮಟ್ಟ ಇಳಿದರೆ ಮತ್ತೆ ಬಂದು ಸೇರುತ್ತದೆ. ಆದ್ದರಿಂದ ಒಂದು ಸಲದ ಅಳತೆ ನೋಡಿ ತೈಲ ಹೋಯಿತೆಂದು ಬರೆಯುವುದನ್ನು ನಾನು ಯಾವ ವರದಿಯಲ್ಲೂ ಒಪ್ಪಲಾರೆ.

ಬೆಮಿಡ್ಜಿಯ ಫಲಿತಾಂಶಗಳಲ್ಲಿ ನೆಮ್ಮದಿಯ ಸುದ್ದಿಯೂ ಇದೆ. 1996ರ ಹೊತ್ತಿಗೆ ತೈಲ ಸುಮಾರು 40 ಮೀಟರ್, ಕರಗಿದ ಕಲ್ಮಶ ಸುಮಾರು 200 ಮೀಟರ್ ಮಾತ್ರ ಸಾಗಿತ್ತು. ತಡೆದವು ಬ್ಯಾಕ್ಟೀರಿಯಾಗಳು. ಹೈಡ್ರೋಕಾರ್ಬನ್ (ತೈಲದಲ್ಲಿರುವ ಇಂಗಾಲ-ಜಲಜನಕದ ಸಂಯುಕ್ತಗಳು) ತಿನ್ನಲು ಅವು ಮೊದಲು ಆಮ್ಲಜನಕ ಬಳಸುತ್ತವೆ, ಅದು ಮುಗಿದ ಮೇಲೆ ಮರಳಿನ ಮೇಲೆ ತುಕ್ಕಿನಂತೆ ಅಂಟಿರುವ ಕಬ್ಬಿಣವನ್ನು ಬಳಸುತ್ತವೆ, ಅದೂ ತೀರಿದಲ್ಲಿ ಮೀಥೇನ್ ಹುಟ್ಟುತ್ತದೆ. ಆಮ್ಲಜನಕವಿಲ್ಲದೆಯೂ ಕಬ್ಬಿಣದ ನೆರವಿನಿಂದ ಟಾಲ್ವೀನ್‌ನಂಥವು ಕೊಳೆಯುತ್ತವೆಂಬುದು 1980ರ ದಶಕದ ಕೊನೆಗೆ ಇಲ್ಲಿಯೇ ಖಚಿತವಾಯಿತು. ನೆಲ ತಾನೇ ತನ್ನನ್ನು ತೊಳೆದುಕೊಳ್ಳುತ್ತದೆ, ನಾವು ನಿಗಾ ಇಟ್ಟರೆ ಸಾಕು ಎಂಬ ವಾದಕ್ಕೆ ಇದರಿಂದ ಬಲ ಬಂತು.

ಆ ವಾದ ಅರ್ಧ ಸತ್ಯ. ಕಬ್ಬಿಣದ ದಾಸ್ತಾನು ಅಕ್ಷಯವಲ್ಲ. ತೈಲದ ಹತ್ತಿರ ಅದು ಖಾಲಿಯಾಗುತ್ತ ಹೋದಂತೆ, ಹೊರಗಿನ ಬಾವಿಗಳಿಗೆ ಏನೂ ಬದಲಾಗದಂತೆ ತೋರಿದರೂ, ಒಳಗಿನ ಆಮ್ಲಜನಕರಹಿತ ಭಾಗದಲ್ಲಿ ಕಲ್ಮಶ ಮೆಲ್ಲನೆ ಮುಂದಕ್ಕೆ ಸರಿಯಿತು. ಒತ್ತೊತ್ತಾಗಿ, ಬೇರೆ ಬೇರೆ ಆಳದಿಂದ ನೀರು ತೆಗೆದದ್ದರಿಂದಲೇ ಇದು ಕಣ್ಣಿಗೆ ಬಿತ್ತು. ಇನ್ನೂ ಕಳವಳದ ಸಂಗತಿ ಆರ್ಸೆನಿಕ್‌ನದು. ತೈಲದಲ್ಲಿದ್ದದ್ದಲ್ಲ ಅದು, ಮಣ್ಣಿನ ಕಬ್ಬಿಣಕ್ಕೆ ಮೊದಲಿನಿಂದಲೂ ಅಂಟಿಕೊಂಡಿದ್ದ ಆರ್ಸೆನಿಕ್. ಬ್ಯಾಕ್ಟೀರಿಯಾ ಕಬ್ಬಿಣವನ್ನು ಕರಗಿಸಿದಾಗ ಅದೂ ನೀರಿಗೆ ಬಿಟ್ಟುಕೊಂಡಿತು. ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯಿರುವಲ್ಲಿ 230ರವರೆಗೆ ಸಿಕ್ಕಿದೆ. ಬೆಂಜೀನನ್ನಷ್ಟೇ ಹುಡುಕುವವರಿಗೆ ಇದು ಸಿಗುತ್ತಲೇ ಇರಲಿಲ್ಲ.

ಅರ್ಧ ಕೊಳೆತ ಹೈಡ್ರೋಕಾರ್ಬನ್‌ಗಳ ಕತೆಯೂ ಹೀಗೆಯೇ. ಬ್ಯಾಕ್ಟೀರಿಯಾ ತಿಂದು ಬಿಟ್ಟದ್ದರಲ್ಲಿ ಆಮ್ಲಜನಕ ಸೇರಿಕೊಂಡ, ನೀರಿನಲ್ಲಿ ಸುಲಭವಾಗಿ ಕರಗುವ ನೂರಾರು ಸಂಯುಕ್ತಗಳಿರುತ್ತವೆ. ಅವು ಬೆಂಜೀನ್‌ಗಿಂತ ದೂರ ಹೋಗುತ್ತವೆ. ಡೀಸೆಲ್ ಅಂಶ ಅಳೆಯುವ ಎಷ್ಟೋ ಲ್ಯಾಬ್‌ಗಳು ಮಾದರಿಯನ್ನು ಮೊದಲು ಸಿಲಿಕಾ ಜೆಲ್ ಎಂಬ ಹೀರುವ ಹರಳುಗಳ ಮೂಲಕ ಹಾಯಿಸುತ್ತವೆ. ಆ ಜೆಲ್ ಇವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ವರದಿಯಲ್ಲಿ ಅಂಕಿ ಕೆಳಗಿಳಿಯುತ್ತದೆ, ಬಾವಿಯ ನೀರು ಇದ್ದಂತೆಯೇ ಇರುತ್ತದೆ. ಜೆಲ್‌ಗೆ ಮುನ್ನ ಮತ್ತು ನಂತರ, ಎರಡೂ ಅಂಕಿಗಳನ್ನು ವರದಿಯಲ್ಲಿ ಕೊಡಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೆಮಿಡ್ಜಿಯದು ಹಿಮನದಿಗಳು ಹರಡಿದ ಮರಳು, ಜಲ್ಲಿ. ಅಲ್ಲಿ ನೀರಿನ ದಾರಿಯನ್ನು ಬಹುಮಟ್ಟಿಗೆ ಊಹಿಸಬಹುದು. ಕರ್ನಾಟಕದ ಬಹುಪಾಲು ನೆಲದಡಿ ಇರುವುದು ಗ್ರಾನೈಟ್, ನೈಸ್, ಬಸಾಲ್ಟ್‌ನಂಥ ಗಟ್ಟಿ ಬಂಡೆ. ಇಲ್ಲಿ ನೀರು ಬಿರುಕು ಹಿಡಿದು ಸಾಗುತ್ತದೆ. ಪೆಟ್ರೋಲ್ ಬಂಕಿನ ಟ್ಯಾಂಕ್ ಸೋರಿದರೆ ಪಕ್ಕದ ಬೋರ್‌ವೆಲ್‌ಗೆ ತಾಗದೆ ದೂರದ್ದಕ್ಕೆ ತಾಗಬಹುದು, ಸುತ್ತ ಎಡೆಬಿಡದೆ ನಡೆಯುವ ಬೋರ್‌ವೆಲ್ ಪಂಪುಗಳು ಹರಿವಿನ ದಿಕ್ಕನ್ನೇ ಬದಲಿಸಬಹುದು. ಮೂರು ಬಾವಿಗಳ ಲೆಕ್ಕ ಇಲ್ಲಿ ಸಾಲದು, ಬಿರುಕುಗಳ ನಕ್ಷೆ ಮೊದಲು ಆಗಬೇಕು.